ಅಂಗಡಿಯಲ್ಲೇ ಕೊಂಡ ಗಾಂಜಾ, ಆದ್ರೂ ಸೆಕ್ಯುರಿಟಿ ಕ್ಲಿಯರೆನ್ಸ್‌ಗೆ ಕುತ್ತು ಯಾಕೆ?

[ಪರದೆ ಮೇಲೆ: ಅಂಗಡಿಯ ಬಿಲ್, ಹತ್ತಿರದಿಂದ]

ಈ ಬಿಲ್ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಇರೋ ಗಾಂಜಾ ಅಂಗಡೀದು. ರಾಜ್ಯ ಸರ್ಕಾರ ತೆರಿಗೆ ಬೇರೆ ವಸೂಲಿ ಮಾಡಿದೆ. ಆದ್ರೂ ಇದನ್ನ ಜೇಬಲ್ಲಿಟ್ಕೊಂಡಿರೋ ಹುಡುಗನಿಗೆ ಪೆಂಟಗನ್ ಕಾಂಟ್ರಾಕ್ಟ್ ಕೆಲಸ ತಪ್ಪಿಹೋಗಬಹುದು.

ಯಾಕಂದ್ರೆ ಆ ಕೆಲಸಕ್ಕೆ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದ್ರೆ ಸರ್ಕಾರದ ರಹಸ್ಯ ಮಾಹಿತಿ ನೋಡೋ ಅನುಮತಿ ಬೇಕಾಗಬಹುದು. ಅದನ್ನ ಕೊಡೋದು ರಾಜ್ಯ ಅಲ್ಲ, ವಾಷಿಂಗ್ಟನ್‌ನ ಕೇಂದ್ರ ಸರ್ಕಾರ. ಅಲ್ಲಿನ ಲೆಕ್ಕದಲ್ಲಿ ಗಾಂಜಾ 1970ರ ಕಾಯ್ದೆಯಿಂದಲೂ ನಿಯಂತ್ರಿತ ಮಾದಕ ವಸ್ತು. ಈಗ ಸೇದ್ತಾ ಇರೋರಿಗೆ ಕ್ಲಿಯರೆನ್ಸ್ ಕೊಡಲೇಬಾರದು ಅಂತ 2008ರಲ್ಲಿ ಕಾನೂನೇ ಬಂತು. ಹೆಸರು ಬಾಂಡ್ ತಿದ್ದುಪಡಿ. ಗೂಢಚಾರರ ವಿಷಯಕ್ಕೆ ಇದಕ್ಕಿಂತ ಒಳ್ಳೆ ಹೆಸರು ಸಿಗೋದು ಕಷ್ಟ ಬಿಡಿ.

ಹಾಗಾದ್ರೆ ಕಾಲೇಜಲ್ಲಿದ್ದಾಗ ಯಾವತ್ತೋ ಎರಡು ದಮ್ಮು ಎಳೆದಿದ್ರೆ? ಅಷ್ಟಕ್ಕೇ ಬಾಗಿಲು ಮುಚ್ಚಲ್ಲ. 2021ರ ಡಿಸೆಂಬರ್‌ನಲ್ಲಿ ಆಗಿನ ಗುಪ್ತಚರ ಮುಖ್ಯಸ್ಥೆ ಅವ್ರಿಲ್ ಹೇನ್ಸ್ ಎಲ್ಲ ಇಲಾಖೆಗಳಿಗೂ ಇದನ್ನ ಬರೆದು ತಿಳಿಸಿದ್ರು: ಹಳೇ ಸೇವನೆಯನ್ನ ಗಣನೆಗೆ ತಗೊಳ್ಳಿ, ಅದೊಂದರಿಂದಲೇ ತೀರ್ಮಾನ ಮಾಡಬೇಡಿ. ಎಷ್ಟು ಸಲ, ಎಷ್ಟು ಹಿಂದೆ, ಮತ್ತೆ ಮುಟ್ಟೋ ಸಂಭವ ಇದೆಯಾ, ಇದನ್ನ ನೋಡ್ತಾರೆ. ಇನ್ನು ಮುಟ್ಟಲ್ಲ, ಮುಟ್ಟಿದ್ರೆ ಕ್ಲಿಯರೆನ್ಸ್ ಕಿತ್ಕೊಳ್ಳಿ ಅಂತ ಬರೆದು ಸಹಿ ಹಾಕಿಕೊಟ್ರೆ ಅದಕ್ಕೂ ಬೆಲೆ ಇದೆ.

[ಪರದೆ ಮೇಲೆ: ಎಸ್‌ಎಫ್-86, ಸೆಕ್ಷನ್ 23]

ನಿಜವಾಗಿ ಎಡವೋದು ಇಲ್ಲಿ. ಕ್ಲಿಯರೆನ್ಸ್‌ಗೆ ತುಂಬಬೇಕಾದ ಈ ಅರ್ಜಿ ಕಳೆದ 7 ವರ್ಷದ ಮಾದಕ ಸೇವನೆ ಕೇಳುತ್ತೆ. ಕ್ಲಿಯರೆನ್ಸ್ ಕೈಯಲ್ಲಿದ್ದಾಗಲೇ ಸೇದಿದ್ರೆ, ಆ ಪ್ರಶ್ನೆಗೆ 7 ವರ್ಷದ ಗಡುವೂ ಇಲ್ಲ. ‘ಯಾರಿಗೆ ಗೊತ್ತಾಗುತ್ತೆ’ ಅಂತ ‘ಇಲ್ಲ’ ಅಂದುಬಿಡೋಣ ಅನ್ಸುತ್ತೆ. ಆದ್ರೆ ತನಿಖಾಧಿಕಾರಿ ನಿಮ್ಮ ಹಳೇ ರೂಮ್‌ಮೇಟ್‌ನ, ಪಕ್ಕದ ಮನೆಯವರನ್ನ ಮಾತಾಡಿಸಬಹುದು. ಅವರಲ್ಲಿ ಒಬ್ಬರು ನಗ್ತಾ ಹಳೇ ಪಾರ್ಟಿ ಕಥೆ ಹೇಳಿದ್ರೆ ಸಾಕು. ಆಮೇಲೆ ನಿಮ್ಮ ಫೈಲಲ್ಲಿರೋದು ಗಾಂಜಾ ಅಷ್ಟೇ ಅಲ್ಲ, ಸುಳ್ಳು. ಅದಕ್ಕೆ ಬೇರೆಯದೇ ನಿಯಮ ಇದೆ, ಜೊತೆಗೆ 5 ವರ್ಷದವರೆಗೆ ಜೈಲಾಗಬಹುದಾದ ಅಪರಾಧ. ತಮಾಷೆ ಅಂದ್ರೆ, ಈ ಸೆಕ್ಷನ್‌ನಲ್ಲಿ ನಿಜ ಬರೆದರೆ ಅದನ್ನ ಕ್ರಿಮಿನಲ್ ಕೇಸಲ್ಲಿ ನಿಮ್ಮ ವಿರುದ್ಧ ಸಾಕ್ಷಿಯಾಗಿ ಬಳಸಲ್ಲ ಅಂತ ಅರ್ಜಿಯಲ್ಲೇ ಅಚ್ಚಾಗಿದೆ. ಜನ ಅದನ್ನ ಓದಲ್ಲ.

ಇನ್ನೊಂದು, ಈ ಅರ್ಜಿಗೆ ಸಹಿ ಹಾಕೋ ದಿನ. ಹೇನ್ಸ್ ಸೂಚನೆ ಪ್ರಕಾರ ಅಲ್ಲಿಂದಾಚೆಗೆ ಮುಟ್ಟೋ ಹಾಗಿಲ್ಲ. ಹಿಂದಿನ ತಿಂಗಳು ಸೇದಿದ್ದನ್ನ ವಿವರಿಸಬಹುದು, ಸಹಿಯಾದ ಮುಂದಿನ ವಾರ ಸೇದಿದ್ದನ್ನ ಏನಂತ ವಿವರಿಸ್ತೀರಿ?

ಇಲಾಖೆಗಳಿಗೆ ಅವರವರದೇ ಲೆಕ್ಕವೂ ಇದೆ. ಎಫ್‌ಬಿಐ ಸೇರೋಕೆ ಅರ್ಜಿಗೆ ಮುಂಚಿನ 1 ವರ್ಷ ಗಾಂಜಾ ಮುಟ್ಟಿರಬಾರದು, 2021ಕ್ಕೂ ಮೊದಲು ಅದು 3 ವರ್ಷ ಇತ್ತು. ಗಾಂಜಾ ಕಂಪನಿಯ ಷೇರನ್ನ ಗೊತ್ತಿದ್ದೂ ನೇರವಾಗಿ ಕೊಂಡಿದ್ರೂ ಪ್ರಶ್ನೆ ಏಳಬಹುದು. ಮ್ಯೂಚುವಲ್ ಫಂಡ್ ಒಳಗೆ ಸೇರ್ಕೊಂಡಿದ್ರೆ ಸಾಮಾನ್ಯವಾಗಿ ತಲೆ ಕೆಡಿಸ್ಕೊಳ್ಳಲ್ಲ.

ಸಾಮಾನ್ಯವಾಗಿ ಅಮೆರಿಕದ ಪ್ರಜೆಗಳಿಗೆ ಮಾತ್ರ ಕ್ಲಿಯರೆನ್ಸ್ ಸಿಗೋದು, ಹಾಗಾಗಿ ಎಚ್-1ಬಿ, ಗ್ರೀನ್ ಕಾರ್ಡ್‌ನಲ್ಲಿರೋ ನಮ್ಮವರು ‘ಇದು ನಮಗಲ್ಲ’ ಅಂದ್ಕೋಬಹುದು. ಆದ್ರೆ ಪೌರತ್ವ ಕೇಳೋವಾಗ ನಡತೆ ನೋಡ್ತಾರೆ. ರಾಜ್ಯದಲ್ಲಿ ಕಾನೂನುಬದ್ಧ ಆಗಿದ್ರೂ ಗಾಂಜಾ ಸೇವನೆ ಅಲ್ಲಿ ಅಡ್ಡ ಬರಬಹುದು ಅಂತ ವಲಸೆ ಇಲಾಖೆ 2019ರಲ್ಲೇ ಸ್ಪಷ್ಟಪಡಿಸಿದೆ. ವೀಕೆಂಡ್ ಪಾರ್ಟಿಯಲ್ಲಿ ಯಾರೋ ಚಾಚಿದ ಗಮ್ಮಿಗೂ, ಅಂದ್ರೆ ಗಾಂಜಾ ಬೆರೆಸಿದ ಮಿಠಾಯಿಗೂ, ಇದೇ ಲೆಕ್ಕ.