ನೀರಿಗಿಳಿಯುವ ಪುಟ್ಟ ಹಡಗುಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋದವರು ಐಎನ್‌ಎಸ್ ಚಪಲ್ ನೋಡಿಯೇ ಇರುತ್ತೀರಿ. ದಡದ ಮೇಲೆ ನಿಲ್ಲಿಸಿರುವ ಬೂದು ಬಣ್ಣದ ಯುದ್ಧನೌಕೆ ಅದು. 1976ರಲ್ಲಿ ನೌಕಾಪಡೆ ಸೇರಿತು. 2005ರಲ್ಲಿ ಸೇವೆ ಮುಗಿಸಿತು. ಮರುವರ್ಷ ವಸ್ತುಸಂಗ್ರಹಾಲಯವಾಯಿತು. 1971ರ ಡಿಸೆಂಬರ್‌ನಲ್ಲಿ ಕರಾಚಿ ಬಂದರಿನ ಮೇಲೆ ದಾಳಿ ಮಾಡಿದ ನಿಪಾತ್, ನಿರ್ಘಾತ್, ವೀರ್ ನೌಕೆಗಳ ತಂಗಿ ಇದು. ಅದೇ ವಿನ್ಯಾಸ, ಸ್ವಲ್ಪ ಸುಧಾರಿಸಿದ್ದು, ಯುದ್ಧ ಮುಗಿದ ಮೇಲೆ ಬಂದದ್ದು.

ಹಡಗಿನ ಮಾದರಿ ಕಟ್ಟಲು ಕಲಿಯಬೇಕು ಅಂತ ಯಾರಾದರೂ ಕೇಳಿದರೆ, ಚಪಲ್‌ನಿಂದಲೇ ಶುರು ಮಾಡಿ ಅನ್ನುತ್ತೇನೆ. ಫೋಟೋ ನೋಡಿ ಕಟ್ಟುವುದು ಬೇರೆ, ಹಡಗಿನೊಳಗೆ ಓಡಾಡಿ ಬಂದು ಕಟ್ಟುವುದು ಬೇರೆ. ಚಪಲ್‌ನ ಸುತ್ತ ನಡೆಯಬಹುದು. ಮೂತಿ ಎಲ್ಲಿ ಚೂಪಾಗುತ್ತದೆ, ಹಿಂಭಾಗ ಎಲ್ಲಿ ಅಗಲವಾಗುತ್ತದೆ ಅಂತ ಕಣ್ಣಳತೆಯಲ್ಲೇ ಹಿಡಿಯಬಹುದು. ನೌಕಾನೆಲೆಯ ಒಳಗಿರುವ ಹಡಗುಗಳ ಹತ್ತಿರ ನಮ್ಮನ್ನು ಯಾರು ಬಿಡುತ್ತಾರೆ ಹೇಳಿ? ಬಿಡಲೂಬಾರದು. ಇದು ಹಾಗಲ್ಲ, ನಮ್ಮೆಲ್ಲರ ಹಡಗು.

ನಮ್ಮ ಕಡೆ ಈ ಹವ್ಯಾಸ ಹೆಚ್ಚು ಜನರಿಗೆ ಪರಿಚಯವಾಗುವುದು ಎನ್‌ಸಿಸಿ ನೌಕಾ ವಿಭಾಗದಿಂದ. ನಾನೂ ಆ ದಾರಿಯಲ್ಲೇ ಬಂದವನು. ಅಖಿಲ ಭಾರತ ನೌ ಸೈನಿಕ್ ಶಿಬಿರದಲ್ಲಿ ಶಿಪ್ ಮಾಡೆಲಿಂಗ್ ಕೂಡ ಒಂದು ಸ್ಪರ್ಧೆ. ಆ ಶಿಬಿರ ಕಾರವಾರದಲ್ಲೂ ನಡೆದಿದೆ. ಸುಮ್ನೆ ಪೀಠದ ಮೇಲೆ ಇಡುವ ಮಾದರಿ, ಮೋಟಾರಿನಲ್ಲಿ ಓಡುವ ಮಾದರಿ, ಹಾಯಿ ಬಿಚ್ಚಿ ಸಾಗುವ ಮಾದರಿ ಅಂತ ಬೇರೆ ಬೇರೆ ಬಗೆ ಇವೆ. ಗಾಜಿನ ಪೆಟ್ಟಿಗೆಯೊಳಗಿನ ಮಾದರಿಗಳ ಕುಸುರಿ ಕೆಲಸ ನನಗೂ ಇಷ್ಟ. ಆದರೆ ಹಡಗು ಯಾಕೆ ಹಾಗಿದೆ ಅಂತ ನನಗೆ ಕಲಿಸಿದ್ದು ನೀರಿಗಿಳಿದ ಮಾದರಿಗಳು. ಇವತ್ತಿನ ಮಾತು ಅವುಗಳದ್ದೇ.

ಮೊದಲು ಸ್ವಲ್ಪ ಲೆಕ್ಕ. ಬೇಸರ ಮಾಡಿಕೊಳ್ಳಬೇಡಿ, ಈ ಲೆಕ್ಕದಲ್ಲೇ ಎಲ್ಲಾ ಸ್ವಾರಸ್ಯ ಇರುವುದು.

ಚಪಲ್ ಸುಮಾರು 39 ಮೀಟರ್ ಉದ್ದ. ಐವತ್ತರಲ್ಲಿ ಒಂದು ಪಾಲಿಗೆ ಇಳಿಸಿದರೆ 78 ಸೆಂಟಿಮೀಟರ್. ಕಂಕುಳಲ್ಲಿ ಹಿಡಿದುಕೊಂಡು ಕೆರೆಗೆ ಹೋಗಬಹುದಾದ ಅಳತೆ. ಇನ್ನು ತೂಕ. ಎಲ್ಲಾ ತುಂಬಿಕೊಂಡಾಗ ನಿಜವಾದ ಹಡಗು ಸುಮಾರು 240 ಟನ್. ಅದನ್ನೂ ಐವತ್ತರಿಂದ ಭಾಗಿಸಿದರೆ ಹೆಚ್ಚುಕಡಿಮೆ ಐದು ಟನ್ ಬರುತ್ತದೆ! ಅದು ಸಾಧ್ಯವಿಲ್ಲ ಅಲ್ವಾ? ಉದ್ದ ಐವತ್ತು ಪಟ್ಟು ಕುಗ್ಗಿದಾಗ ಅಗಲವೂ ಐವತ್ತು ಪಟ್ಟು ಕುಗ್ಗಿತು, ಎತ್ತರವೂ ಕುಗ್ಗಿತು. ಹಾಗಾಗಿ ಐವತ್ತರಿಂದ ಮೂರು ಸಲ ಭಾಗಿಸಬೇಕು. ಆಗ ಬರುವ ಉತ್ತರ, ಎರಡು ಕಿಲೋಗೆ ಸ್ವಲ್ಪ ಕಡಿಮೆ.

ಆ ಎರಡು ಕಿಲೋ ನಿಮ್ಮ ಕೈ ಕಟ್ಟಿಹಾಕುತ್ತದೆ. ಹಡಗಿನ ಒಡಲು, ಮೋಟಾರು, ಬ್ಯಾಟರಿ, ಪ್ರೊಪೆಲ್ಲರಿನ ಶಾಫ್ಟ್, ರಿಮೋಟಿನ ರಿಸೀವರ್, ಚುಕ್ಕಾಣಿ ತಿರುಗಿಸುವ ಸರ್ವೋ, ಕೊನೆಗೆ ಬಣ್ಣ ಕೂಡ ಅದರೊಳಗೇ ಬರಬೇಕು. ಜಾಸ್ತಿಯಾದರೆ ಮಾದರಿ ನೀರಿನಲ್ಲಿ ತಗ್ಗುತ್ತದೆ. ಕಡಿಮೆಯಾದರೆ ಮೇಲೆದ್ದು ತಳದ ಕೆಂಪು ಬಣ್ಣ ಕಾಣಿಸುತ್ತದೆ. ಎರಡೂ ತಪ್ಪೇ. ಹಡಗು ತನ್ನ ನೀರುಗೆರೆಯ ಮೇಲೆ ನಿಂತಾಗಲೇ ಅದಕ್ಕೆ ಹಡಗಿನ ಕಳೆ ಬರುವುದು.

ತೂಕ ಸರಿಯಾದರೆ ಸಾಲದು, ಅದು ಎಲ್ಲಿ ಕೂತಿದೆ ಅನ್ನುವುದೂ ಮುಖ್ಯ. ಚಪಲ್‌ನ ಡೆಕ್ ಮೇಲೆ ನಾಲ್ಕು ದೊಡ್ಡ ಕೊಳವೆಗಳಿವೆ, ಕ್ಷಿಪಣಿ ಇಡುವ ಗೂಡುಗಳು. ಹಿಂದೊಂದು, ಮುಂದೊಂದು ಜೋಡಿ ನಳಿಗೆಯ ಫಿರಂಗಿ. ನಡುವೆ ರಾಡಾರ್ ಹೊತ್ತ ಕಂಬ. ಹೊಸಬರು ಈ ಕೊಳವೆಗಳನ್ನು ಗಟ್ಟಿ ಮರದಲ್ಲಿ ಕೊರೆಯುತ್ತಾರೆ. ಚೆನ್ನಾಗೇ ಕಾಣುತ್ತವೆ. ನೀರಿಗೆ ಬಿಟ್ಟರೆ ಹಡಗು ಒಂದು ಪಕ್ಕಕ್ಕೆ ವಾಲಿ ಹಾಗೇ ನಿಂತುಬಿಡುತ್ತದೆ. ಮೇಲಿನ ಭಾರ ಹಡಗಿಗೆ ಯಾವತ್ತೂ ಶತ್ರು. ಈ ನೌಕೆಯ ಒಡಲು ಉಕ್ಕಿನದು, ಮೇಲಿನ ಮನೆಗಳಿಗೆ ಅಲ್ಯೂಮಿನಿಯಂ ಬಳಸಿದ್ದಾರೆ. ನಾವು ಮಾಡಬೇಕಾದದ್ದೂ ಅದೇ. ಒಡಲಿಗೆ ಪ್ಲೈವುಡ್ ಅಡ್ಡಹಲಗೆ ನಿಲ್ಲಿಸಿ ಬಾಲ್ಸಾ ಎಂಬ ಹಗುರ ಮರದ ಪಟ್ಟಿ ಹೊದಿಸಿ. ಮೇಲಿನ ಕೊಳವೆಗಳನ್ನು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಒಳಗೆ ಟೊಳ್ಳು ಬಿಡಿ. ಬ್ಯಾಟರಿ ಎಷ್ಟು ಕೆಳಗೆ ಕೂರುತ್ತದೋ ಅಷ್ಟು ಒಳ್ಳೆಯದು.

ನೀರಿಗೆ ಬಿಡುವ ಮೊದಲು ಮನೆಯ ನೀರಿನ ತೊಟ್ಟಿಯಲ್ಲೇ ಒಮ್ಮೆ ತೇಲಿಸಿ ನೋಡಬೇಕು. ಇದು ನನಗೆ ತುಂಬಾ ಇಷ್ಟವಾದ ಕೆಲಸ. ಬಣ್ಣ ಹಚ್ಚುವ ಮೊದಲು ಒಡಲಿಗೆ ಎಪಾಕ್ಸಿ ಅಂಟು ಬಳಿದು, ಒಣಗಿಸಿ, ಉಪ್ಪುಕಾಗದದಲ್ಲಿ ಉಜ್ಜಿ ನುಣುಪು ಮಾಡಿರುತ್ತೇವೆ. ಅದನ್ನು ನೀರಿನ ಮೇಲಿಟ್ಟು ಬ್ಯಾಟರಿಯನ್ನು ಇಷ್ಟಿಷ್ಟೇ ಹಿಂದಕ್ಕೆ, ಮುಂದಕ್ಕೆ ಸರಿಸುತ್ತಾ ಹೋಗಬೇಕು. ಮೂತಿ ಇಳಿದರೆ ಹಿಂದಕ್ಕೆ, ಹಿಂಬದಿ ಕುಸಿದರೆ ಮುಂದಕ್ಕೆ. ಆಮೇಲೆ ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಒಂದೊಂದಾಗಿ ತಳದಲ್ಲಿ ಜೋಡಿಸಬೇಕು. ಬೆರಳಿನಿಂದ ಒಂದು ಬದಿ ಒತ್ತಿ ಬಿಟ್ಟರೆ ಮಾದರಿ ತಾನಾಗಿ ಎದ್ದು ನೆಟ್ಟಗಾಗಬೇಕು. ಎಷ್ಟು ಚುರುಕಾಗಿ ಏಳುತ್ತದೆ ಅಂತ ಬೆರಳಿಗೇ ಗೊತ್ತಾಗುತ್ತದೆ. ಅದು ತೃಪ್ತಿಯಾದ ಮೇಲೆಯೇ ಸೀಸವನ್ನು ಅಂಟು ಹಾಕಿ ಕೂರಿಸುವುದು.

ಈಗ ವೇಗಕ್ಕೆ ಬರೋಣ. ಈ ಜಾತಿಯ ನೌಕೆಗಳು ಗಂಟೆಗೆ ಸುಮಾರು 70 ಕಿಲೋಮೀಟರ್ ಓಡುತ್ತಿದ್ದವು. ಮಾದರಿ ಎಷ್ಟು ವೇಗವಾಗಿ ಹೋದರೆ ಅದು ಚಪಲ್‌ನಂತೆ ಕಾಣುತ್ತದೆ? ಐವತ್ತರಿಂದ ಭಾಗಿಸಿದರೆ ಒಂದೂವರೆ ಕಿಲೋಮೀಟರೂ ಇಲ್ಲ. ಆ ವೇಗದಲ್ಲಿ ನೀರು ಅಲುಗುವುದೇ ಇಲ್ಲ. ನಿಜವಾದ ಹಡಗಿನ ಮೂತಿಯ ಮುಂದೆ ಏಳುವ ಅಲೆ, ಹಿಂದೆ ಬಿಡುವ ನೊರೆ ಯಾವುದೂ ಬರುವುದಿಲ್ಲ.

ಇದಕ್ಕೆ ಉತ್ತರ ಹುಡುಕಿದವರು ವಿಲಿಯಂ ಫ್ರೂಡ್ ಎಂಬ ಇಂಗ್ಲೆಂಡಿನ ಎಂಜಿನಿಯರ್. 1867ರಲ್ಲಿ ಅವರು ಡಾರ್ಟ್ ನದಿಯಲ್ಲಿ ಎರಡು ಬಗೆಯ ಮಾದರಿ ದೋಣಿಗಳನ್ನು ಎಳೆಸಿ ನೋಡಿದರು. ಒಂದಕ್ಕೆ ಸ್ವಾನ್ ಅಂತ ಹೆಸರು, ಇನ್ನೊಂದಕ್ಕೆ ರೇವನ್. ಒಂದೊಂದನ್ನೂ ಮೂರು, ಆರು, ಹನ್ನೆರಡು ಅಡಿ ಅಳತೆಗಳಲ್ಲಿ ಕಟ್ಟಿದ್ದರು. ಚಿಕ್ಕದೂ ದೊಡ್ಡದೂ ಒಂದೇ ರೀತಿ ಅಲೆ ಎಬ್ಬಿಸಬೇಕಾದರೆ ವೇಗವನ್ನು ಉದ್ದದ ವರ್ಗಮೂಲದ ಲೆಕ್ಕದಲ್ಲಿ ಇಳಿಸಬೇಕು ಅಂತ ಅವರು ಕಂಡುಕೊಂಡರು. 1872ರಲ್ಲಿ ಟಾರ್ಕಿ ಎಂಬ ಊರಿನಲ್ಲಿ ಬ್ರಿಟಿಷ್ ನೌಕಾಪಡೆಯ ಹಣದಲ್ಲಿ ಉದ್ದನೆಯ ತೊಟ್ಟಿ ಕಟ್ಟಿಸಿ, ಅದರಲ್ಲಿ ಮೇಣದ ಮಾದರಿಗಳನ್ನು ಎಳೆದು ಪರೀಕ್ಷೆ ಮಾಡಿದರು. ಇವತ್ತಿಗೂ ದೊಡ್ಡ ಹಡಗುಗಳ ವಿನ್ಯಾಸ ಇಂಥ ತೊಟ್ಟಿಗಳಲ್ಲಿ ಪರೀಕ್ಷೆಯಾಗುತ್ತದೆ. ಮಕ್ಕಳ ಆಟ ಅಂತ ಯಾರಾದರೂ ಮೂಗು ಮುರಿದರೆ ನಾನು ಫ್ರೂಡ್ ಕಥೆ ಹೇಳುತ್ತೇನೆ.

ಐವತ್ತರ ವರ್ಗಮೂಲ ಸುಮಾರು ಏಳು. 70ನ್ನು ಏಳರಿಂದ ಭಾಗಿಸಿ. ಗಂಟೆಗೆ ಹತ್ತು ಕಿಲೋಮೀಟರ್. ಆ ವೇಗಕ್ಕೆ ಮೋಟಾರು ಹೊಂದಿಸಿದರೆ ಪುಟ್ಟ ಚಪಲ್ ಮೂತಿ ಎತ್ತಿ, ಎರಡೂ ಪಕ್ಕಕ್ಕೆ ನೀರು ಸೀಳಿ ಹೋಗುತ್ತದೆ. ಅಸಲಿ ನೌಕೆಯ ಹಳೆಯ ಫೋಟೋಗಳಲ್ಲಿ ಇರುವುದು ಅದೇ ಅಲೆ, ಅದೇ ನೊರೆ.

ಸಮಯಕ್ಕೂ ಇದೇ ಲೆಕ್ಕ. ದೊಡ್ಡ ಹಡಗು ಏಳು ಸೆಕೆಂಡಿನಲ್ಲಿ ಒಮ್ಮೆ ಹೊಯ್ದಾಡಿದರೆ ಮಾದರಿ ಒಂದೇ ಸೆಕೆಂಡಿನಲ್ಲಿ ಹೊಯ್ದಾಡುತ್ತದೆ. ಅದಕ್ಕೇ ಮಾದರಿಗಳ ವಿಡಿಯೋ ನೋಡಿದಾಗ ಏನೋ ಗಡಿಬಿಡಿ ಅನ್ನಿಸುವುದು. ಮೊಬೈಲಿನಲ್ಲಿ ಸ್ಲೋ ಮೋಷನ್ ಹಾಕಿ, ಏಳು ಪಟ್ಟು ನಿಧಾನ ಮಾಡಿ ನೋಡಿ. ಎರಡು ಕಿಲೋದ ಹಡಗು 240 ಟನ್ನಿನ ಗಾಂಭೀರ್ಯದಲ್ಲಿ ಏಳುತ್ತಾ ಬೀಳುತ್ತಾ ಹೋಗುತ್ತದೆ. ಶಾಲೆಗಳಲ್ಲಿ ವರ್ಗಮೂಲ ಕಲಿಸುವವರು ಇದನ್ನೊಮ್ಮೆ ತೋರಿಸಬೇಕು ಅಂತ ನನಗೆ ತುಂಬಾ ಆಸೆ.

ಹಾಯಿ ಹಡಗಿನ ವಿಷಯ ಇನ್ನೂ ಕಷ್ಟ, ಇನ್ನೂ ಚಂದ.

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಒಂದು ಅಪರೂಪದ ಹಡಗು ನೌಕಾಪಡೆಗೆ ಸೇರಿತು. ಹೆಸರು ಐಎನ್‌ಎಸ್‌ವಿ ಕೌಂಡಿನ್ಯ. ಅಜಂತಾ ಗುಹೆಯಲ್ಲಿ ಐದನೇ ಶತಮಾನದ ಒಂದು ಹಡಗಿನ ಚಿತ್ರವಿದೆ. ಆ ಚಿತ್ರ ನೋಡಿ ಕಟ್ಟಿದ ಹಡಗು ಇದು. ಗೋವಾದಲ್ಲಿ, ಬಾಬು ಶಂಕರನ್ ಅವರ ನೇತೃತ್ವದಲ್ಲಿ ಕೇರಳದ ಕುಶಲಕರ್ಮಿಗಳು ಇದನ್ನು ಹೊಲಿದರು. ಹೌದು, ಹೊಲಿದರು. ಹಲಗೆ ಹಲಗೆಯನ್ನು ತೆಂಗಿನ ನಾರಿನ ಹಗ್ಗದಲ್ಲಿ ಬಿಗಿದು, ಸಂದುಗಳಿಗೆ ರಾಳ ಮೆತ್ತಿ ಕಟ್ಟಿದ್ದು. ಚೌಕದ ಹಾಯಿ, ಚುಕ್ಕಾಣಿಯ ಬದಲು ಹಿಂಬದಿಯ ಪಕ್ಕಕ್ಕೆ ಕಟ್ಟಿದ ದೊಡ್ಡ ಹುಟ್ಟು. ಹಾಯಿಯ ಮೇಲೆ ಸೂರ್ಯನ ಜೊತೆ ಗಂಡಭೇರುಂಡ. ನಮ್ಮ ರಾಜ್ಯ ಲಾಂಛನದ ಹಕ್ಕಿಯನ್ನು ಅಲ್ಲಿ ಕಂಡಾಗ ಮನಸ್ಸು ತುಂಬಿ ಬಂತು.

ಅಜಂತಾದ ಕಲಾವಿದ ಚಿತ್ರ ಬರೆದನೇ ಹೊರತು ನಕ್ಷೆ ಬಿಡಲಿಲ್ಲ. ನೀರಿನ ಕೆಳಗಿನ ಒಡಲು ಹೇಗಿತ್ತು ಅಂತ ಲೆಕ್ಕ ಹಾಕಿಯೇ ತಿಳಿಯಬೇಕಿತ್ತು. ಅದಕ್ಕೆ ನೌಕಾಪಡೆ ಮದ್ರಾಸಿನ ಐಐಟಿಯ ನೆರವು ಪಡೆದು, ಮಾದರಿ ಮಾಡಿಸಿ ನೀರಿನಲ್ಲಿ ಪರೀಕ್ಷಿಸಿತು. ಇಲ್ಲಿ ಮಾದರಿ ಮೊದಲು ಹುಟ್ಟಿತು, ಹಡಗು ಆಮೇಲೆ. ನಮ್ಮಂಥವರಿಗೆ ಇದಕ್ಕಿಂತ ಹೆಮ್ಮೆ ಬೇರೆ ಏನಿದೆ!

ಕೌಂಡಿನ್ಯ ಸುಮಾರು 20 ಮೀಟರ್ ಉದ್ದ. ಇಪ್ಪತ್ತರಲ್ಲಿ ಒಂದು ಪಾಲಿಗೆ ಕಟ್ಟಿದರೆ ಒಂದು ಮೀಟರ್. ಆದರೆ ಅದನ್ನು ಅಳತೆಗೆ ಸರಿಯಾಗಿ ಕಟ್ಟಿ, ಮಧ್ಯಾಹ್ನದ ಕಡಲಗಾಳಿಗೆ ಬಿಟ್ಟರೆ ಮಗುಚಿಬೀಳುತ್ತದೆ. ಕಟ್ಟಿದವರ ತಪ್ಪಲ್ಲ. ಹಡಗನ್ನು ಕುಗ್ಗಿಸಿದೆವು, ಗಾಳಿಯನ್ನು ಕುಗ್ಗಿಸಲಿಲ್ಲ. ಹಾಯಿ ಹಡಗನ್ನು ವಾಲಿಸುವ ಬಲವೂ ಚಿಕ್ಕದಾಗುತ್ತದೆ, ಒಡಲು ಅದನ್ನು ಎತ್ತಿ ನಿಲ್ಲಿಸುವ ಬಲವೂ ಚಿಕ್ಕದಾಗುತ್ತದೆ. ಎತ್ತಿ ನಿಲ್ಲಿಸುವ ಬಲ ಮಾತ್ರ ಇನ್ನೂ ಇಪ್ಪತ್ತು ಪಟ್ಟು ಜಾಸ್ತಿ ಸೊರಗುತ್ತದೆ. ಅಷ್ಟು ದುರ್ಬಲವಾದ ಹಡಗಿನ ಮೇಲೆ ಪೂರ್ತಿ ಗಾಳಿ ಬಂದು ಬಡಿದರೆ ಅದು ನಿಲ್ಲುವುದಾದರೂ ಹೇಗೆ?

ಎರಡು ದಾರಿ ಇದೆ. ಒಂದು, ತಳಕ್ಕೆ ಒಂದು ತೆಳುವಾದ ಹಲಗೆ ಇಳಿಬಿಟ್ಟು, ಅದರ ತುದಿಗೆ ಸೀಸದ ಗಡ್ಡೆ ಕಟ್ಟುವುದು. ಸ್ಕ್ರೂ ಹಾಕಿದ್ದರೆ ಮನೆಗೆ ಬಂದ ಮೇಲೆ ಬಿಚ್ಚಿಡಬಹುದು, ನೀರಿನ ಮೇಲಿದ್ದಾಗಲೂ ಕಣ್ಣಿಗೆ ಬೀಳುವುದಿಲ್ಲ. ಆದರೆ ಸೀಸದ ತೂಕವನ್ನೂ ಒಟ್ಟು ಲೆಕ್ಕಕ್ಕೆ ಸೇರಿಸಬೇಕು. ಇನ್ನೊಂದು, ಹಡಗಿಗೆ ತಕ್ಕ ಗಾಳಿಯನ್ನೇ ಹುಡುಕಿಕೊಂಡು ಹೋಗುವುದು. ಇಪ್ಪತ್ತರ ವರ್ಗಮೂಲ ನಾಲ್ಕೂವರೆ. ಸಮುದ್ರದಲ್ಲಿ ಗಂಟೆಗೆ 18 ಕಿಲೋಮೀಟರಿನ ಗಾಳಿ ಅಂದರೆ, ಮಾದರಿಗೆ ನಾಲ್ಕು ಕಿಲೋಮೀಟರ್ ಸಾಕು. ಕೆನ್ನೆಗೆ ತಾಗುವುದೋ ಇಲ್ಲವೋ ಅನ್ನುವಂಥ ಗಾಳಿ. ಕರಾವಳಿಯಲ್ಲಿ ಬಿಸಿಲೇರಿದ ಮೇಲೆ ಕಡಲಗಾಳಿ ಜೋರಾಗುತ್ತದೆ, ಹಾಗಾಗಿ ಬೆಳಿಗ್ಗೆ ಬೇಗ ಹೋಗಬೇಕು. ಚೌಕದ ಹಾಯಿಯ ಹಡಗು ಗಾಳಿಗೆ ಎದುರಾಗಿ ವಾಪಸ್ ಬರುವುದು ಕಷ್ಟ. ಹಾಗಾಗಿ ಗಾಳಿ ದಡದ ಕಡೆಗೆ ಬೀಸುವ ಜಾಗ ನೋಡಿಕೊಳ್ಳಿ. ಇಲ್ಲವಾದರೆ ಗಾಳದ ದಾರ ಕಟ್ಟಿ ಬಿಡಿ. ಹಡಗು ಹಿಡಿಯಲು ಅಂತ ನೀರಿಗೆ ಧುಮುಕಬೇಡಿ. ಮಕ್ಕಳ ಜೊತೆ ಹೋಗುವವರು ಇದನ್ನು ಮೊದಲೇ ಅವರಿಗೆ ಹೇಳಿಡಬೇಕು.

ಕೊನೆಯದಾಗಿ ಮಂಜಿಗಳ ಬಗ್ಗೆ ಎರಡು ಮಾತು. ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ತರಕಾರಿ, ದಿನಸಿ, ಜಲ್ಲಿ ಒಯ್ಯುವ ಮರದ ಹಡಗುಗಳು ಅವು. ಈಗ ಡೀಸೆಲ್ ಎಂಜಿನ್ ಹಾಕಿಕೊಂಡಿವೆ. ಹಿಂದೆ ಇಂಥ ಹಡಗುಗಳೇ ಹಾಯಿ ಕಟ್ಟಿಕೊಂಡು ಮಂಗಳೂರು ಹಂಚನ್ನು ದೂರದ ಬಂದರುಗಳಿಗೆ ಮುಟ್ಟಿಸುತ್ತಿದ್ದವು. ಚಪಲ್‌ನ ಅಳತೆ ಪುಸ್ತಕಗಳಲ್ಲಿ ಸಿಗುತ್ತದೆ, ಕೌಂಡಿನ್ಯಕ್ಕೆ ಐಐಟಿಯ ಲೆಕ್ಕಗಳಿವೆ. ನಮ್ಮ ಪಶ್ಚಿಮ ಕರಾವಳಿಯ ಮರದ ಹಡಗುಗಳನ್ನು ಮೇಸ್ತ್ರಿಗಳು ಕಾಗದದ ನಕ್ಷೆಯಿಲ್ಲದೆ, ಕಣ್ಣಳತೆ ಕೈಯಳತೆಯಲ್ಲೇ ಕಟ್ಟುತ್ತಾ ಬಂದವರು. ಆ ಅಳತೆ ಇರುವುದು ಅವರ ತಲೆಯಲ್ಲಿ ಮತ್ತು ಹಡಗಿನ ಮರದಲ್ಲಿ ಮಾತ್ರ.

ಹಾಗಾಗಿ ಮಾದರಿ ಕಟ್ಟುವ ಗೆಳೆಯರಲ್ಲಿ ನನ್ನದೊಂದು ಬೇಡಿಕೆ. ಹೊರದೇಶದ ಹಡಗುಗಳ ಕಿಟ್ ತರಿಸಿ ಕಟ್ಟಿ, ತೊಂದರೆಯಿಲ್ಲ. ಜೊತೆಗೆ ಒಂದು ಮಂಜಿಯನ್ನೂ ಕಟ್ಟಿ. ರಿಪೇರಿಗೆ ದಡಕ್ಕೆ ಎಳೆದಿರುವಾಗ ಮಾಲೀಕರನ್ನು ಕೇಳಿ, ಟೇಪು ಹಿಡಿದು ಹೋಗಿ. ಒಂದೊಂದು ಮೀಟರಿಗೆ ಒಂದು ಗುರುತು ಮಾಡಿ, ಅಲ್ಲಿ ಒಡಲಿನ ಅಗಲ ಎಷ್ಟು, ಆಳ ಎಷ್ಟು ಅಂತ ಬರೆದುಕೊಳ್ಳಿ. ಮೂತಿಯ ಓರೆಯನ್ನು ಪಕ್ಕದಿಂದ ಫೋಟೋ ತೆಗೆಯಿರಿ. ಮೇಸ್ತ್ರಿಗಳು ಸಿಕ್ಕರೆ ಯಾವ ಭಾಗಕ್ಕೆ ಯಾವ ಮರ ಹಾಕುತ್ತಾರೆ, ಅದಕ್ಕೆ ಅವರು ಏನಂತ ಹೆಸರು ಹೇಳುತ್ತಾರೆ, ಅದನ್ನೂ ಕೇಳಿ ಬರೆದಿಡಿ. ಮಳೆಗಾಲದಲ್ಲಿ ಮಂಜಿಗಳ ಓಡಾಟ ನಿಂತಿರುತ್ತದೆ. ಅಳತೆ ತೆಗೆಯಲು ಅದೇ ಸರಿಯಾದ ಸಮಯ.

ನಮಸ್ಕಾರ.