ಮರವಿಲ್ಲದ ನೆಲಕ್ಕೆ ಪಾಳು ಎಂದವರು ಯಾರು?

[ದೃಶ್ಯ: ಬೆಳಗಿನ ಆರೂವರೆ. ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಒಂದು ಕಾವಲು, ಅಂದರೆ ದನ ಮೇಯಲು ಕಾಯ್ದಿಟ್ಟ ಹುಲ್ಲುಗಾವಲು. ಒಣಗಿದ ಹುಲ್ಲು, ದೂರದಲ್ಲಿ ಕುರಿ ಮಂದೆ. ಗಾಳಿಯ ಸದ್ದು ಮಾತ್ರ.]

ಪರದೆಯ ಮೇಲೆ ಏನು ಕಾಣುತ್ತಿದೆ, ಹೇಳಿ ನೋಡೋಣ. ಏನೂ ಇಲ್ಲ ಎಂದಿರಾ? ಹಾಗಾದರೆ ನಿಮ್ಮ ಮಾತೂ ಸರ್ಕಾರಿ ನಕ್ಷೆಯ ಮಾತೂ ಒಂದೇ ಆಯಿತು. ನಮ್ಮ ದೇಶಕ್ಕೆ ಪಾಳುಭೂಮಿಯ ನಕ್ಷೆ ಎಂಬುದೊಂದಿದೆ. ಕುರುಚಲು ನೆಲ, ಕಲ್ಲುಗುಡ್ಡ, ಸೊರಗಿದ ಗೋಮಾಳ ಎಲ್ಲವೂ ಅದರಲ್ಲಿ ಪಾಳು ಎಂಬ ಒಂದೇ ಚೀಲಕ್ಕೆ ಬಿದ್ದಿವೆ.

ಇನ್ನೊಂದು ಲೆಕ್ಕ ಇದಕ್ಕಿಂತ ತಮಾಷೆಯದು. ದೇಶದ ಅರಣ್ಯ ಸಮೀಕ್ಷೆಯ ಪ್ರಕಾರ, ಕನಿಷ್ಠ ಒಂದು ಹೆಕ್ಟೇರ್ ಜಾಗದಲ್ಲಿ ಮರದ ನೆರಳು ಶೇ 10ರಷ್ಟು ಹರಡಿದ್ದರೆ ಅದು ಅರಣ್ಯ ಹೊದಿಕೆ. ಯಾವ ಮರ, ಯಾರ ಮರ ಎಂದು ಕೇಳುವುದಿಲ್ಲ. ನೀಲಗಿರಿ ತೋಪಾದರೂ ಸರಿ, ಮಾವಿನ ತೋಟವಾದರೂ ಸರಿ. ಸಾವಿರಾರು ವರ್ಷಗಳಿಂದ ಇಲ್ಲೇ ಬೆಳೆದ ಈ ಹುಲ್ಲಿಗೆ ಮಾತ್ರ ಆ ಲೆಕ್ಕದಲ್ಲಿ ಜಾಗವಿಲ್ಲ.

[ದೃಶ್ಯ: ಮಣ್ಣಿನ ಸಮೇತ ಕಿತ್ತ ಹುಲ್ಲಿನ ಒಂದು ಬುಡ, ಅಂಗೈ ಮೇಲೆ. ತೀರಾ ಹತ್ತಿರದಿಂದ.]

ಇದನ್ನು ನೋಡಿ. ಮೇಲಿರುವುದು ಒಂದು ಗೇಣು, ಅದೂ ಒಣಗಿದೆ. ಕೆಳಗಿರುವುದು ಬೇರಿನ ಜಡೆ. ಗಿಡಮರಗಳು ಚಿಗುರುವುದು ತುದಿಯಲ್ಲಿ. ಹುಲ್ಲು ಚಿಗುರೊಡೆಯುವ ಜಾಗ ನೆಲಕ್ಕೆ ಅಂಟಿಕೊಂಡಿರುತ್ತದೆ. ಕುರಿ ಮೇಯಲಿ, ಬೆಂಕಿ ಬೀಳಲಿ, ತಿಂಗಳುಗಟ್ಟಲೆ ಮಳೆ ಕೈಕೊಡಲಿ, ಬುಡ ಕಾದು ಕುಳಿತಿರುತ್ತದೆ. ಒಂದು ಹದ ಮಳೆ ಬಿದ್ದರೆ ವಾರದೊಳಗೆ ನೆಲ ಹಸಿರು.

ಹೀಗೆ ಕಾದು ಕೂರದೆ ಅದಕ್ಕೆ ಬೇರೆ ದಾರಿಯೂ ಇಲ್ಲ. ಪಶ್ಚಿಮ ಘಟ್ಟದ ನೆತ್ತಿಯ ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ. ಅಲ್ಲಿ ಹಿಂಡಿ ಹಿಪ್ಪೆಯಾದ ಮೋಡ ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮುರು ಕಡೆಗೆ ಬರುವ ಹೊತ್ತಿಗೆ ಅದರ ಕೈಯಲ್ಲಿ ಉಳಿದಿರುವುದು 500 ಮಿಲಿಮೀಟರ್ ಆಸುಪಾಸು. ಅಷ್ಟರಲ್ಲೇ ಸಂಸಾರ ತೂಗಿಸುವುದನ್ನು ಈ ಹುಲ್ಲು ಕಲಿತಿದೆ. ದಟ್ಟ ಕಾಡಿಗೆ ಅದು ಸಾಧ್ಯವಿಲ್ಲ.

ಇಂಗಾಲದ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಾಡು ತನ್ನ ಇಂಗಾಲದ ದೊಡ್ಡ ಪಾಲನ್ನು ಕಾಂಡ, ಕೊಂಬೆಗಳಲ್ಲಿ ಇಟ್ಟಿರುತ್ತದೆ. ಹುಲ್ಲುಗಾವಲು ತನ್ನ ಗಂಟಿನ ಬಹುಪಾಲನ್ನು ನೆಲದಡಿ ಹೂತಿಟ್ಟಿರುತ್ತದೆ. ಬೆಂಕಿ ಬಿದ್ದರೆ ಕಾಡಿನ ಗಂಟು ಹೊಗೆಯಾಗುತ್ತದೆ. ಹುಲ್ಲಿನದು ಬಹುಮಟ್ಟಿಗೆ ಮಣ್ಣಿನಲ್ಲೇ ಉಳಿಯುತ್ತದೆ. ಅದನ್ನು ಕರಗಿಸಬೇಕಾದರೆ ಟ್ರ್ಯಾಕ್ಟರ್ ತಂದು ನೆಲ ಸೀಳಬೇಕು. ಅದನ್ನೇ ಈಗ ಮಾಡುತ್ತಿದ್ದೇವೆ.

[ದೃಶ್ಯ: ಉದ್ದ ಕೊಂಬಿನ ಅಮೃತಮಹಲ್ ದನಗಳ ಹಿಂಡು ಧೂಳೆಬ್ಬಿಸುತ್ತಾ ಸಾಗುತ್ತಿದೆ.]

ಕಾವಲು ಎಂಬ ಹೆಸರನ್ನೇ ಒಮ್ಮೆ ಬಿಡಿಸಿ ನೋಡಿ. ಕಾಯುವವರಿದ್ದ ನೆಲ ಕಾವಲು. ಕೇಳುವವರಿಲ್ಲದ ನೆಲ ಪಾಳು. ಕನ್ನಡದಲ್ಲಿ ಇವೆರಡೂ ಎದುರುಬದುರು ನಿಲ್ಲುವ ಮಾತುಗಳು. ಒಂದೇ ನೆಲಕ್ಕೆ ಎರಡನ್ನೂ ಅಂಟಿಸಲು ಕಡತಗಳಿಗೆ ಮಾತ್ರ ಸಾಧ್ಯ.

ಮೈಸೂರು ಅರಸರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಯನ್ನು ಬೆಣ್ಣೆ ಚಾವಡಿ ಎಂದು ಕರೆಯುತ್ತಿದ್ದರು. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಫಿರಂಗಿ, ಸಾಮಾನು ಬಂಡಿ ಎಳೆಯುವ ಎತ್ತುಗಳು ಇಲ್ಲಿ ಮೇದು ಬೆಳೆದವು. ಆ ಕಾಲದವರ ಜಾಣತನ ನನ್ನನ್ನು ಬೆರಗುಗೊಳಿಸುವುದು ಬೇರೆ ಕಾರಣಕ್ಕೆ. ಹುಲ್ಲು ಮತ್ತು ನೀರು ಎಲ್ಲಿ, ಯಾವಾಗ ಸಿಗುತ್ತವೆ ಎಂಬುದನ್ನು ನೋಡಿ ಅವರು ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿದ್ದರು. ಹಿಂಡು ಒಂದರಿಂದ ಇನ್ನೊಂದಕ್ಕೆ ಸಾಗುತ್ತಿತ್ತು. ಹಿಂದೆ ಉಳಿದ ನೆಲಕ್ಕೆ ಬಿಡುವು ಸಿಗುತ್ತಿತ್ತು.

ಇಂದಿಗೂ ಇಲ್ಲಿ ಮ್ಯಾಸಬೇಡ ಸಮುದಾಯದವರ ದೇವರ ಎತ್ತುಗಳಿವೆ, ಅವನ್ನು ಕಾಯುವ ಕಿಲಾರಿಗಳಿದ್ದಾರೆ. ಕುರಿ ಉಣ್ಣೆಯಿಂದ ಕಂಬಳಿ ನೇಯುವ ಮಗ್ಗಗಳಿವೆ. ಸುಗ್ಗಿ ಮುಗಿದ ಹೊಲದಲ್ಲಿ ಮಂದೆ ತರುಬಿಸಿ ಗೊಬ್ಬರ ಪಡೆಯುವ ರೈತರಿದ್ದಾರೆ. ಹುಲ್ಲು ಹೋದರೆ ಈ ಸರಪಳಿಯ ಕೊಂಡಿಗಳು ಒಂದೊಂದಾಗಿ ಕಳಚುತ್ತವೆ.

[ದೃಶ್ಯ: ಉದ್ದಕ್ಕೆ ಸಾಗುವ ಗೋಡೆ. ಅದರ ಬದಿಯಲ್ಲೇ ನಡೆದುಹೋಗುವ ಕುರಿಗಳು.]

ನಕ್ಷೆಯಲ್ಲಿ ಖಾಲಿ ಕಾಣುವ ಜಾಗ ಎಲ್ಲರ ಕಣ್ಣಿಗೂ ಮೊದಲು ಬೀಳುತ್ತದೆ. ಚಳ್ಳಕೆರೆಯಲ್ಲಿ ಸುಮಾರು 10 ಸಾವಿರ ಎಕರೆ ಕಾವಲು ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ, ವಿಜ್ಞಾನ ಸಂಸ್ಥೆಗಳ ಪಾಲಾಯಿತು. ದನ, ಕುರಿ ಕಾಯುವವರು ಪ್ರತಿಭಟಿಸಿದರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. 2024ರ ಮಾರ್ಚ್‌ನಲ್ಲಿ ಇಸ್ರೊದ ಮರುಬಳಕೆ ಉಡಾವಣಾ ವಾಹನ ಪುಷ್ಪಕ್ ಇದೇ ನೆಲದ ಓಡುದಾರಿಯ ಮೇಲೆ ಇಳಿದಾಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಆ ಸಂತೋಷ ಸುಳ್ಳಲ್ಲ. ಆದರೆ ದಟ್ಟ ಕಾಡಿನ 10 ಸಾವಿರ ಎಕರೆ ಕೇಳಿದ್ದರೆ ಎಷ್ಟು ಕಾನೂನುಗಳು ಅಡ್ಡ ಬರುತ್ತಿದ್ದವು, ಎಷ್ಟು ಊರುಗಳಲ್ಲಿ ಮೆರವಣಿಗೆ ನಡೆಯುತ್ತಿತ್ತು ಎಂದೂ ಯೋಚಿಸುತ್ತೇನೆ. ಹುಲ್ಲಿನ ಪರವಾಗಿ ಬೆಂಗಳೂರಿನಲ್ಲಿ ಮೇಣದಬತ್ತಿ ಹಚ್ಚುವವರು ಕಡಿಮೆ.

[ದೃಶ್ಯ: ಕೆರೆಯಂಗಳ ತುಂಬಾ ಬಳ್ಳಾರಿ ಜಾಲಿ.]

ಗೋಡೆಯಾದರೂ ಕಣ್ಣಿಗೆ ಕಾಣುತ್ತದೆ. ಸದ್ದಿಲ್ಲದೆ ನೆಲ ನುಂಗುತ್ತಿರುವುದು ಈ ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದು, ತವರು ಅಮೆರಿಕ ಖಂಡ. ಸೌದೆಗಾಗಿ, ಬರನೆಲದಲ್ಲಿ ಹಸಿರಿಗಾಗಿ ತಂದದ್ದು. ಸಿಹಿಯಾದ ಕಾಯನ್ನು ಕುರಿ, ಮೇಕೆ ತಿನ್ನುತ್ತವೆ, ಹಿಕ್ಕೆಯ ಜೊತೆ ಬೀಜ ಊರೂರಿಗೆ ಹೋಗುತ್ತದೆ. ಬೇರು ಆಳಕ್ಕೆ ಇಳಿದು ನೀರು ಹೀರುತ್ತದೆ, ಅಡಿಯಲ್ಲಿ ಹುಲ್ಲು ಏಳುವುದಿಲ್ಲ. ವಿಚಿತ್ರವೆಂದರೆ, ಉಪಗ್ರಹದ ಚಿತ್ರದಲ್ಲಿ ಇದು ಹಸಿರಾಗಿಯೇ ಕಾಣುತ್ತದೆ.

ಜೂನ್ 5 ಬಂದರೆ ಇನ್ನೊಂದು ಸಂಭ್ರಮ. ಕಾವಲಿನಲ್ಲಿ ಗುಂಡಿ ತೋಡಿ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದು. ಬಹುಪಾಲು ಸಸಿಗಳು ಮುಂದಿನ ಬೇಸಿಗೆ ಕಾಣುವುದಿಲ್ಲ. ಗುಂಡಿ ತೋಡುವಾಗ ಕಿತ್ತ ಹುಲ್ಲೂ ಹೋಗಿರುತ್ತದೆ. ರಸ್ತೆ ಬದಿಗೆ, ಶಾಲೆಯ ಅಂಗಳಕ್ಕೆ ಮರ ಬೇಕು, ಜಗಳವಿಲ್ಲ. ಕೃಷ್ಣಮೃಗಕ್ಕೆ ಮಾತ್ರ ಬಯಲೇ ಬೇಕು. ವೈರಿಯನ್ನು ದೂರದಿಂದಲೇ ಕಂಡು ಓಡಿ ಬದುಕುವ ಪ್ರಾಣಿ ಅದು. ಅದರ ಸುತ್ತ ತೋಪು ಬೆಳೆಸುವುದೆಂದರೆ ಕಣ್ಣಿಗೆ ಬಟ್ಟೆ ಕಟ್ಟಿದಂತೆ.

[ದೃಶ್ಯ: ವಾಣಿವಿಲಾಸ ಸಾಗರದ ಕೋಡಿ ಹರಿಯುತ್ತಿರುವುದು. ನಂತರ ಹೊಸ ಅಡಿಕೆ ತೋಟಗಳು.]

1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬೀಳಲು 2022ರವರೆಗೆ, 89 ವರ್ಷ ಕಾಯಬೇಕಾಯಿತು. ಆ ನೀರನ್ನು ನೋಡಲು ಜನ ಜಾತ್ರೆಯಂತೆ ಸೇರಿದ್ದರು. ಭದ್ರಾ ಮೇಲ್ದಂಡೆ ಯೋಜನೆಯ ನೀರಿಗಾಗಿ ಚಿತ್ರದುರ್ಗ ಜಿಲ್ಲೆ ಎಷ್ಟು ವರ್ಷ ಬೀದಿಗಿಳಿದಿದೆ ಎಂಬುದು ನಿಮಗೇ ಗೊತ್ತು. ನೀರು ಬರಲಿ, ಕುಡಿಯಲು ಬರಲಿ, ಕೆರೆಗೆ ಬರಲಿ. ನನ್ನ ಅಂಜಿಕೆ ಅಡಿಕೆಯ ಬಗ್ಗೆ. ಮಲೆನಾಡಿನ ತಂಪಿನ ಬೆಳೆಯನ್ನು ಬಯಲುಸೀಮೆಗೆ ತಂದು, ಮಳೆ ತಪ್ಪಿದ ವರ್ಷ ಟ್ಯಾಂಕರ್‌ನಲ್ಲಿ ನೀರುಣಿಸುವುದನ್ನು ಹೊಳಲ್ಕೆರೆಯಲ್ಲೂ ಚನ್ನಗಿರಿಯಲ್ಲೂ ಕಂಡಿದ್ದೇವೆ. ನೀರಿನ ಆಸೆ ಹುಟ್ಟಿದ ಕಡೆ ಹುಲ್ಲಿನ ನೆಲಕ್ಕೆ ಮೊದಲು ನೇಗಿಲು ಬೀಳುತ್ತದೆ.

[ದೃಶ್ಯ: ಜಗಳೂರು ತಾಲ್ಲೂಕು, ರಂಗಯ್ಯನದುರ್ಗ. ಕುರುಚಲು ಕಾಡು.]

ದಾವಣಗೆರೆ ಜಿಲ್ಲೆಯಲ್ಲೊಂದು ಸಮಾಧಾನವಿದೆ. ರಂಗಯ್ಯನದುರ್ಗದ ಸುಮಾರು 77 ಚದರ ಕಿಲೊಮೀಟರ್ ಒಣ ಕಾಡನ್ನು 2011ರಲ್ಲಿ ಕೊಂಡುಕುರಿಗಾಗಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಕೊಂಡುಕುರಿ ಕುರಿಯಲ್ಲ, ಜಿಂಕೆಯೂ ಅಲ್ಲ. ಗಂಡಿಗೆ ತಲೆಯ ಮೇಲೆ ನಾಲ್ಕು ಕೊಂಬು, ಮುಂದಿನ ಜೋಡಿ ಮೊಳಕೆಯಷ್ಟು ಗಿಡ್ಡ. ನಾಚಿಕೆಯ ಪ್ರಾಣಿ. ನಾವು ಎರಡು ದಿನ ಕಾದೆವು, ಸಿಕ್ಕಿದ್ದು ಹಿಕ್ಕೆಯ ಗುಪ್ಪೆ ಮಾತ್ರ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುವುದು ಅದರ ಅಭ್ಯಾಸ. ಹಾಗಾಗಿ ಈ ದೃಶ್ಯದಲ್ಲಿ ಪ್ರಾಣಿ ಇಲ್ಲ, ಕ್ಷಮಿಸಿ.

ಎಲ್ಲಕ್ಕೂ ಇಂಥ ಅದೃಷ್ಟವಿಲ್ಲ. ಎರೆಭೂತ ಎಂಬ, ಸುಮಾರು ಒಂದು ಮೀಟರ್ ಎತ್ತರದ ಹಕ್ಕಿ ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿದೆ. ಕನ್ನಡದಲ್ಲಿ ಸಿವಂಗಿ ಎಂದು ಹೆಸರಿದ್ದ ಚೀತಾ ದೇಶದಿಂದಲೇ ಅಳಿಯಿತೆಂದು 1952ರಲ್ಲಿ ಘೋಷಿಸಿದರು. 2022ರಲ್ಲಿ ವಿಮಾನದಲ್ಲಿ ಆಫ್ರಿಕಾದಿಂದ ತಂದು ಮಧ್ಯಪ್ರದೇಶದ ಕುನೊ ರಾಷ್ಟ್ರೀಯ ಉದ್ಯಾನದಲ್ಲಿ ಬಿಟ್ಟರು. ಚೀತಾ ಬಂತು. ಅದು ಓಡಬೇಕಾದ ಬಯಲು ಕಡತದಲ್ಲಿ ಇನ್ನೂ ಪಾಳು.

[ದೃಶ್ಯ: ಮತ್ತೆ ಮೊದಲಿನ ಕಾವಲು. ಹೆಗಲ ಮೇಲೆ ಕಂಬಳಿ ಹೊದ್ದ ಅಜ್ಜ.]

ಚಿತ್ರೀಕರಣ ಮುಗಿಸಿ ಸಾಮಾನು ಕಟ್ಟುವಾಗ ಈ ಅಜ್ಜ ಹತ್ತಿರ ಬಂದರು. "ಬೆಳಗಿನಿಂದ ಏನು ಫೋಟೊ ಹಿಡಿಯುತ್ತಿದ್ದೀರಪ್ಪ?" ಎಂದು ಕೇಳಿದರು.

"ಹುಲ್ಲು, ಅಜ್ಜ" ಎಂದೆ.

"ಯಾವ ಹುಲ್ಲು?"

ನಮ್ಮ ನಾಲ್ವರಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಅಜ್ಜ ಕೋಲು ಊರಿ ಬಗ್ಗಿದರು. ಒಂದೊಂದೇ ಎಸಳು ಹಿಡಿದು, ಇದು ಕರಡ, ಇದು ಹಂಚಿಕಡ್ಡಿ, ಇದು ಗರಿಕೆ ಎನ್ನುತ್ತಾ ಹೋದರು. ಕ್ಯಾಮೆರಾದ ಬ್ಯಾಟರಿ ಆಗಲೇ ಮುಗಿದಿತ್ತು.