ಗಂಡಸು ನೈಟಿ ಹಾಕ್ಕೊಂಡ್ರೆ ನಗು ಯಾಕೆ?

ಮನೆಯವರೆಲ್ಲ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ತಾ ಕೂತಿದ್ವಿ. ಅಣ್ಣ ಫೋನಲ್ಲಿ ಒಂದು ರೀಲ್ಸ್ ತೋರಿಸ್ದ. ಮೀಸೆ ಇರೋ ಹುಡುಗ, ಮೈಮೇಲೆ ನೈಟಿ, ತಲೆಗೆ ಟವಲ್ಲು, ಗಂಡನ ಮೇಲೆ ಕೂಗಾಡ್ತಿದ್ದಾನೆ. ನಾವು ನಕ್ಕಿದ್ದೇ ನಕ್ಕಿದ್ದು. ಅತ್ತಿಗೆ ಮಾತ್ರ, "ಇದ್ರಲ್ಲಿ ನಗೋಕೆ ಏನಿದ್ಯೋ? ನಾನು ದಿನಾ ಇರೋದೇ ಹಿಂಗೆ" ಅಂದ್ರು.

ಆ ಮಾತು ಅವತ್ತಿಂದ ತಲೆ ಕೊರೀತಿದೆ. ಯಾಕಂದ್ರೆ ಸೀರೆ ಉಟ್ಟ ಗಂಡಸನ್ನ ನೋಡಿದ ತಕ್ಷಣ ನಗೋದು ನಮ್ಮೋರ ಹಳೇ ಚಾಳಿ ಅಲ್ಲ. ನಮ್ಮ ಸೀಮೆ ಮೂಡಲಪಾಯ ಯಕ್ಷಗಾನದಲ್ಲಿ ದ್ರೌಪದಿ ವೇಷ ಕಟ್ಟೋನು ಹಗಲೆಲ್ಲ ಹೊಲ ಉತ್ತು ಬಂದ ಗಂಡಸೇ. ರಾತ್ರಿ ಅವನು ಅತ್ರೆ ಕೂತೋರೂ ಅಳೋರು. ಸಿನಿಮಾನೂ ಹಂಗೇ ಶುರುವಾಗಿದ್ದು. 1913ರಲ್ಲಿ ದಾದಾಸಾಹೇಬ್ ಫಾಲ್ಕೆ ‘ರಾಜಾ ಹರಿಶ್ಚಂದ್ರ’ ತೆಗೆದಾಗ ಹರಿಶ್ಚಂದ್ರನ ಹೆಂಡತಿ ತಾರಾಮತಿ ಪಾತ್ರಕ್ಕೆ ಹೆಂಗಸರು ಸಿಗಲಿಲ್ಲ, ಹೋಟೆಲ್ಲಲ್ಲಿ ಅಡುಗೆ ಮಾಡ್ತಿದ್ದ ಅಣ್ಣಾ ಸಾಳುಂಕೆ ಆ ಪಾತ್ರ ಮಾಡ್ದ. 1917ರ ‘ಲಂಕಾ ದಹನ’ದಲ್ಲಂತೂ ರಾಮನೂ ಅವನೇ, ಸೀತೆಯೂ ಅವನೇ. ಅವ್ಯಾವೂ ಕಾಮಿಡಿ ಪಾತ್ರ ಅಲ್ಲ.

ನನಗನ್ಸೋದು, ಪರದೆಗೆ ಹೆಂಗಸರೇ ಬಂದ್ಮೇಲೆ ಸೀರೆ ಉಟ್ಟ ಗಂಡಸಿಗೆ ಉಳಿದಿದ್ದು ನಗಿಸೋ ಕೆಲಸ ಒಂದೇ.

ನಗಿಸ್ಲಿ, ಬೇಡ ಅನ್ನಲ್ಲ. ಏಟು ಯಾರಿಗೆ ಬೀಳುತ್ತೆ ಅನ್ನೋದಷ್ಟೇ ನನ್ನ ತಕರಾರು. 1906ರಲ್ಲಿ ಫ್ರಾನ್ಸಿನ ಆಲಿಸ್ ಗೀ ಅನ್ನೋ ನಿರ್ದೇಶಕಿ ಏಳು ನಿಮಿಷದ ಒಂದು ಮೂಕಿ ಚಿತ್ರ ಮಾಡಿದ್ರು. ಸ್ತ್ರೀವಾದ ಬಂದ್ರೆ ಏನಾಗುತ್ತೆ ಅನ್ನೋದೇ ಕಥೆ. ಗಂಡಸರು ಕೂತು ಬಟ್ಟೆ ಹೊಲೀತಾರೆ, ಮಗು ಎತ್ಕೊಂಡು ಓಡಾಡ್ತಾರೆ. ಹೆಂಗಸರು ಕೆಫೆಯಲ್ಲಿ ಕುಡೀತಾ, ಸಿಗರೇಟ್ ಸೇದ್ತಾ, ದಾರೀಲಿ ಹೋಗೋ ಗಂಡಸರ ಮೈಮೇಲೆ ಬೀಳ್ತಾರೆ. ಇಲ್ಲಿ ಯಾರೂ ಸೀರೆ ಉಟ್ಟಿಲ್ಲ ನೋಡಿ! ಬಟ್ಟೆ ಅವರವರದೇ, ನಡವಳಿಕೆ ಮಾತ್ರ ಅದಲು ಬದಲು. ಕೊನೆಗೆ ಗಂಡಸರು ದಂಗೆ ಎದ್ದು ಕೆಫೆ ವಾಪಸ್ ಕಿತ್ಕೊಳ್ತಾರೆ. ಅಂದ್ರೆ ಕಥೆ ನಾವು ದಿನಾ ನೋಡೋ ಜಾಗಕ್ಕೇ ಬಂದು ನಿಲ್ಲುತ್ತೆ. ‘ಸುಖಾಂತ್ಯ’ ಅಂತ ಚಪ್ಪಾಳೆ ತಟ್ಟೋ ಗಂಡಸು, ಇಷ್ಟೊತ್ತು ನೋಡಿದ್ದು ತನ್ನದೇ ಕಥೆ ಅಂತ ಒಪ್ಕೊಂಡಂಗೇ ಅಲ್ವಾ?

ಹೆಣ್ಣೇ ನಗಿಸೋಕೆ ನಿಂತ್ರೆ ಏನಾಗುತ್ತೆ ಅನ್ನೋದಕ್ಕೆ ಬೆಟ್ಟಿ ಬೂಪ್ ಅನ್ನೋ ಅಮೆರಿಕದ ಕಾರ್ಟೂನ್ ಹುಡುಗೀನ ನೋಡಿ. 1932ರ ಒಂದು ಕಾರ್ಟೂನಲ್ಲಿ ಅಧ್ಯಕ್ಷ ಚುನಾವಣೆಗೇ ನಿಂತಿದ್ದವಳು. 1934ರಲ್ಲಿ ಸಿನಿಮಾದವರ ನೀತಿ ಸಂಹಿತೆ ಬಿಗಿಯಾಯ್ತು, ಅವಳ ಲಂಗ ಉದ್ದ ಆಯ್ತು. ಆಮೇಲೆ ನಗಿಸೋ ಪಾಲು ಜಾಸ್ತಿ ಹೋಗಿದ್ದು ಅವಳ ನಾಯಿಮರಿಗೆ ಮತ್ತೆ ಒಬ್ಬ ತಾತನಿಗೆ.

ನಮ್ಮಲ್ಲೇ ‘ಸದಾರಮೆ’ ಇರಲಿಲ್ವಾ? ಗುಬ್ಬಿ ವೀರಣ್ಣನವರ ಕಳ್ಳನ ಪಾತ್ರಕ್ಕೆ ಜನ ಮುಗಿಬೀಳ್ತಿದ್ದ ನಾಟಕ, 1935ರಲ್ಲಿ ಸಿನಿಮಾನೂ ಆಯ್ತು. ಅದರಲ್ಲಿ ನಾಯಕಿ ಗಂಡುವೇಷ ಹಾಕ್ತಾಳೆ. ಅವಳನ್ನ ನೋಡಿ ಯಾರೂ ಗೇಲಿ ಮಾಡಲ್ಲ, ಭಲೇ ಅಂತಾರೆ. ಹೆಣ್ಣು ಪೇಟ ಸುತ್ತಿದ್ರೆ ಬಡ್ತಿ, ಗಂಡು ನೈಟಿ ತೊಟ್ರೆ ಹಿಂಬಡ್ತಿ. ಯಾವ ಆಫೀಸಿನ ರೂಲ್ಸೋ ಇದು!

ಮೊನ್ನೆ ಆ ಫ್ರೆಂಚ್ ಚಿತ್ರ ಅತ್ತಿಗೆಗೆ ತೋರಿಸ್ದೆ. ಗಂಡಸರು ಹೊಲಿಗೆ ಹಾಕೋದಕ್ಕೆ ಅವರು ನಗಲಿಲ್ಲ. ಹೆಂಗಸರು ಕೆಲಸ ಬಿಟ್ಟು ಆರಾಮಾಗಿ ಕೂತಾಗ ನಕ್ಕರು. "ಅದೊಂದು ಇನ್ನೊಂದ್ಸಲ ಹಾಕೋ" ಅಂದ್ರು. ಅಷ್ಟರಲ್ಲಿ ಕುಕ್ಕರ್ ಕೂಗ್ತು, ಅವರೇ ಎದ್ದು ಹೋದ್ರು. ನಾನು ಕೂತೇ ಇದ್ದೆ.